ಲೇಪ ಹಚ್ಚಿದ ಶಾಮಿಯಾನಕ್ಕೆ ಬೆಂಕಿ ಹತ್ತುವುದೇ ಇಲ್ವಾ?

ಮದುವೆ, ಹಬ್ಬದ ಸೀಸನ್ ಬಂದಾಗೆಲ್ಲ ಒಂದು ಸಂದೇಶ ಫಾರ್ವರ್ಡ್ ಆಗುತ್ತಿರುತ್ತದೆ. ಸಹಜ ಪದಾರ್ಥಗಳ ದ್ರಾವಣ ಸಿಂಪಡಿಸಿದರೆ ಶಾಮಿಯಾನದ ಬಟ್ಟೆಗೆ ಬೆಂಕಿ ಹತ್ತುವುದೇ ಇಲ್ಲ ಅಂತ. ಕಳಿಸುವವರ ಕಾಳಜಿ ನಿಜವೇ. ಆದರೆ ಮಾತು ಸರಿಯಲ್ಲ.

ಇಂಥ ಲೇಪಗಳು ಇರುವುದು ಸುಳ್ಳಲ್ಲ. ಅಕ್ಕಿ ತೌಡಿನಲ್ಲಿರುವ ಫೈಟಿಕ್ ಆಮ್ಲದಲ್ಲಿ ರಂಜಕ (ಫಾಸ್ಫರಸ್) ಇದೆ. ಸಿಗಡಿ, ಏಡಿ ಚಿಪ್ಪಿನಿಂದ ಕೈಟೋಸಾನ್ ಎಂಬ ಪದಾರ್ಥ ತೆಗೆಯುತ್ತಾರೆ. ಎರಡನ್ನೂ ಪದರ ಪದರವಾಗಿ ಹಚ್ಚಿದರೆ, ಬಿಸಿ ತಾಗಿದಾಗ ಮೇಲೆ ಕರಿ ಪೊರೆ ಕಟ್ಟಿ ಉರಿ ನಿಧಾನವಾಗುತ್ತದೆ. ನಿಧಾನ, ಅಷ್ಟೇ. ಲೇಪದೊಳಗಿನ ಬಟ್ಟೆ ಪಾಲಿಯೆಸ್ಟರ್ (ಒಂದು ಸಿಂಥೆಟಿಕ್ ನೂಲು) ಆಗಿದ್ದರೆ, ದೊಡ್ಡ ಬೆಂಕಿಯ ಮುಂದೆ ಅದು ಸುಮಾರು 250ರಿಂದ 260 ಡಿಗ್ರಿ ಸೆಲ್ಸಿಯಸ್‌ಗೆ ಕರಗಿ ತೊಟ್ಟಿಕ್ಕುತ್ತದೆ.

ಹೊರಗಡೆ ಕಟ್ಟುವ ಬಟ್ಟೆಗೆ ಮಳೆಯೇ ದೊಡ್ಡ ತೊಡಕು. ಪಾಲಿಯೆಸ್ಟರ್ ನೂಲು ನೀರು ಹೀರುವುದು ತೀರಾ ಕಡಿಮೆ. ಹಾಗಾಗಿ ಹತ್ತಿಗೆ ಹಿಡಿದಷ್ಟು ಲೇಪ ಇದಕ್ಕೆ ಹಿಡಿಯುವುದಿಲ್ಲ. ಗಟ್ಟಿಯಾಗಿ ಅಂಟಿಸದಿದ್ದರೆ ನಾಲ್ಕು ಮಳೆಗೆ ತೊಳೆದುಹೋಗಬಹುದು. ಸುಮ್ನೆ ಸ್ಪ್ರೇ ಹೊಡೆದದ್ದಂತೂ ನಿಲ್ಲುವುದು ಕಷ್ಟ.

ಇಂಥ ಲೇಪ ಹಚ್ಚಿದ ಬಟ್ಟೆಗೆ ಬೆಂಕಿ ಹಿಡಿದು ತೋರಿಸುವ ವಿಡಿಯೊ ಬಂದರೆ ಗಮನಿಸಿ ನೋಡಿ. ಬಟ್ಟೆ ಹತ್ತಿಯದೋ, ಸಿಂಥೆಟಿಕ್ಕೋ? ಮೊದಲೇ ಒದ್ದೆ ಇತ್ತಾ? ಜ್ವಾಲೆ ಎಷ್ಟು ಸೆಕೆಂಡ್ ಹಿಡಿದರು? ನೀರಲ್ಲಿ ನೆನೆಸಿ ಒಣಗಿಸಿದ ಮೇಲೂ ತೋರಿಸಿದ್ದಾರಾ? ಈ ಕೊನೆಯದನ್ನು ಬಹಳ ಜನ ಕೇಳುವುದೇ ಇಲ್ಲ.

ಮಾರುವವರ ಹತ್ತಿರ ಪ್ರಯೋಗಾಲಯದ ವರದಿ ಕೇಳಿ. ಯಾವ ಬಟ್ಟೆ, ಯಾವ ಪರೀಕ್ಷೆ, ತೊಳೆದ ಮೇಲೆ ಫಲಿತಾಂಶ ಏನು ಅಂತ ಅದರಲ್ಲಿರಬೇಕು. ಪೆಂಡಾಲ್‌ಗಳ ಅಗ್ನಿ ಸುರಕ್ಷತೆಗೆ ಐಎಸ್ 8758 ಎಂಬ ಭಾರತೀಯ ಮಾನದಂಡವೂ ಇದೆ. ಮನೆಯಲ್ಲಿ ಸುಟ್ಟು ಪರೀಕ್ಷಿಸಬೇಡಿ, ಕರಗಿದ ಹನಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ.