ಆರನೇ ನಂಬರಿನವರು ಬೇಕಾಗಿದ್ದಾರೆ

ನಾವು ಬೆಂಬಲಿಸುವ ಫುಟ್‌ಬಾಲ್ ಕ್ಲಬ್ಬಿನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಅದು ಸೋತ ವಾರ ನಾವು ಯಾರ ಹತ್ತಿರವೂ ಹೇಳಿಕೊಳ್ಳುವುದಿಲ್ಲ, ಈಚೆಗೆ ಅಂಥ ವಾರಗಳೇ ಹೆಚ್ಚು. ಇಷ್ಟು ಗೊತ್ತಿದ್ದರೆ ಸಾಕು: ನಮ್ಮ ತಂಡದಲ್ಲಿ ಎಡಬಲದ ಅಂಚುಗಳಲ್ಲಿ ಬಾಣದ ಹಾಗೆ ಓಡುವವರು ಬೇಕಾದಷ್ಟಿದ್ದಾರೆ, ನಡುವೆ ನಿಂತು ಎದುರಾಳಿಯ ಕಾಲಿಂದ ಚೆಂಡು ಕಿತ್ತುಕೊಳ್ಳುವವನು, ಫುಟ್‌ಬಾಲ್ ಭಾಷೆಯಲ್ಲಿ ‘ಆರನೇ ನಂಬರಿನವನು’, ಒಬ್ಬನೂ ಇಲ್ಲ. ಆಟಗಾರರನ್ನು ಕೊಳ್ಳುವ, ಮಾರುವ ಟ್ರಾನ್ಸ್‌ಫರ್ ವಿಂಡೋ ತೆರೆದಾಗಲೆಲ್ಲ ಅಭಿಮಾನಿಗಳು ಒಕ್ಕೊರಲಿನಿಂದ ‘ಒಬ್ಬ ಡಿಫೆನ್ಸಿವ್ ಮಿಡ್‌ಫೀಲ್ಡರ್ ಕೊಡಿಸ್ರಪ್ಪಾ’ ಎಂದು ಬಾಯಿ ಬಡಿದುಕೊಳ್ಳುತ್ತಾರೆ. ಕ್ಲಬ್ಬು ಅಂಚಿನಲ್ಲಿ ಓಡುವ ಇನ್ನೊಬ್ಬ ವಿಂಗರ್‌ನನ್ನು ಕೊಳ್ಳುತ್ತದೆ. ನಾವು ಅವನ ಹಳೆಯ ಗೋಲುಗಳ ವಿಡಿಯೊ ನೋಡಿ ಎರಡು ದಿನ ಮೈಮರೆಯುತ್ತೇವೆ. ಮೂರನೇ ದಿನ ಮತ್ತೆ ಬಾಯಿ ಬಡಿತ.

ಪಂದ್ಯ ನೋಡಲು ನಮ್ಮ ಮನೆಯಲ್ಲಿ ಸೇರುವ ಕೂಟದಲ್ಲಿ ಬಾಯಿ ಇರುವವರು ನಾಲ್ವರು. ಒಬ್ಬರು ಮೇಷ್ಟ್ರು. ಇನ್ನೊಬ್ಬರು ಆಡಿಟರು. ಮೂರನೆಯವರು ಒಂದು ಕಂಪನಿಯಲ್ಲಿ ನಿಜವಾಗಿಯೂ ಮ್ಯಾನೇಜರ್ ಆಗಿರುವವರು. ನಾಲ್ಕನೆಯವನು ನನ್ನ ಭಾವಮೈದುನ, ಸದ್ಯ ಕೆಲಸ ಹುಡುಕುತ್ತಿದ್ದಾನೆ. ತಂಡ ಸೋತಾಗ ತಪ್ಪು ಯಾರದೆಂದು ಇವರು ಹೇಳುವುದನ್ನು ಐದು ನಿಮಿಷ ಕೇಳಿಸಿಕೊಂಡರೆ, ಯಾರು ಎಲ್ಲಿ ಸಂಬಳ ಎಣಿಸುತ್ತಾರೆಂದು ವಿಚಾರಿಸುವ ಕೆಲಸ ತಪ್ಪುತ್ತದೆ. ಮೇಷ್ಟ್ರ ಪ್ರಕಾರ ತಪ್ಪೆಲ್ಲ ಆಟಗಾರರದ್ದು. ಶಿಸ್ತಿಲ್ಲ, ಗಮನ ಇಲ್ಲ, ಹೇಳಿಕೊಟ್ಟದ್ದು ತಲೆಯಲ್ಲಿ ನಿಲ್ಲಲ್ಲ. ಆಡಿಟರ ಪ್ರಕಾರ ತಪ್ಪು ಮಾಲೀಕರದ್ದು. ವಿಂಗರ್‌ಗಳಿಗೆ ಸುರಿದ ದುಡ್ಡಿಗೆ ಲೆಕ್ಕ ಕೊಡಲಿ ನೋಡೋಣ! ಮ್ಯಾನೇಜರ್ ಸಾಹೇಬರ ಪ್ರಕಾರ ತಪ್ಪು ಯಾರದ್ದಾದರೂ ಇರಬಹುದು, ತಂಡವನ್ನು ಆಡಿಸುವ ಮ್ಯಾನೇಜರ್‌ದು ಮಾತ್ರ ಅಲ್ಲ. ‘ಕೇಳಿದ ಜನರನ್ನ ಮೇಲಿನವರು ಕೊಡಲಿಲ್ಲ, ಕೊಟ್ಟ ಜನ ಕೆಲಸ ಮಾಡಲಿಲ್ಲ. ಪಾಪ, ಅವನೇನು ಮಾಡಿಯಾನು?’ ಎನ್ನುವಾಗ ಅವರ ಗಂಟಲು ಕಟ್ಟುತ್ತದೆ. ಭಾವಮೈದುನನ ನಿಲುವು ಇನ್ನೂ ಸರಳ: ಮೊದಲು ಮ್ಯಾನೇಜರನ್ನ ತೆಗೀರಿ. ಯಾರನ್ನಾದರೂ ತೆಗೆದರೆ ತಾನೇ ಒಂದು ಜಾಗ ಖಾಲಿಯಾಗುವುದು?

ಹಾಗೆ ನೋಡಿದರೆ ನಮ್ಮ ನಾಲ್ವರೂ ಒಪ್ಪುವ ಒಂದೇ ಸಂಗತಿ ಎಂದರೆ ನಡುಮೈದಾನದ ದೌರ್ಬಲ್ಯ. ಆ ಜಾಗದ ಕೆಲಸವೇ ವಿಚಿತ್ರ. ಮನೆಯ ಗೋಡೆಯೊಳಗಿನ ನೀರಿನ ಪೈಪಿನ ಹಾಗೆ ಅದು, ಸರಿಯಿದ್ದಷ್ಟು ದಿನ ಇದೆಯೆಂದೇ ಗೊತ್ತಾಗುವುದಿಲ್ಲ. ಹಿಂದಿನ ನಾಲ್ವರಿಗೂ ಮುಂದಿನ ಮೂವರಿಗೂ ನಡುವೆ ನಿಂತು, ಎದುರಾಳಿ ಪ್ರತಿದಾಳಿ ಶುರುಮಾಡುವ ಮೊದಲೇ ಅದನ್ನು ಚಿವುಟಿ, ಚೆಂಡನ್ನು ಪಕ್ಕದವನಿಗೆ ಒಪ್ಪಿಸಿ ಸುಮ್ಮನಾಗುವವನ ವಿಡಿಯೊವನ್ನು ಯಾರು ನೋಡುತ್ತಾರೆ? ಅವನ ಹೆಸರಿರುವ ಅಂಗಿಯನ್ನು ಯಾವ ಮಗು ಹಟ ಹಿಡಿದು ಕೊಡಿಸಿಕೊಳ್ಳುತ್ತದೆ? ಅವನಿಲ್ಲದಾಗ ಬೈಗುಳ ತಿನ್ನುವುದು ಕೂಡ ಡಿಫೆಂಡರು. ಬಾಗಿಲು ತೆರೆದಿಟ್ಟವರು ಯಾರೋ, ಕಳ್ಳ ಬಂದಾಗ ಎದುರಿಗೆ ಸಿಕ್ಕಿದ ತಪ್ಪಿಗೆ ಇವರಿಗೆ ಏಟು.

ಇದನ್ನು ಭಾವಮೈದುನನಿಗೆ ತಿಳಿಸಿ ಹೇಳಲು ಮೇಷ್ಟ್ರು ಒಂದು ಸಂಜೆ ನಮ್ಮ ಗಾಜಿನ ಟೀಪಾಯಿಯನ್ನೇ ಮೈದಾನ ಮಾಡಿದರು. ರಿಮೋಟು ಗೋಲ್‌ಕೀಪರ್ ಆಯಿತು. ಎರಡು ಚಮಚ, ಒಂದು ಬಾಚಣಿಗೆ, ಆಡಿಟರ ಕನ್ನಡಕದ ಡಬ್ಬಿ ಸೇರಿ ರಕ್ಷಣಾ ಪಂಕ್ತಿ. ‘ಇಲ್ಲಿ ನೋಡು, ಇಲ್ಲಿ ಯಾರೂ ಇಲ್ಲ. ಇಲ್ಲಿ ಒಬ್ಬ ಗಟ್ಟಿಯಾಗಿ ನಿಂತುಬಿಟ್ಟರೆ ಮುಗೀತು’ ಎನ್ನುತ್ತ ತಮ್ಮ ಹೊಸ ಫೋನನ್ನು ನಡುಮೈದಾನದಲ್ಲಿ ನೆಟ್ಟಗೆ ನಿಲ್ಲಿಸಿದರು. ಅದೇ ಗಳಿಗೆಗೆ ಅವರ ಮನೆಯಿಂದ ಕರೆ ಬಂತು. ಫೋನು ವೈಬ್ರೇಟ್ ಮೋಡಿನಲ್ಲಿತ್ತು. ಗುರ್‌ಗುರ್ ಎನ್ನುತ್ತ ಮೊದಲು ಮಗುಚಿಕೊಂಡಿತು, ಆಮೇಲೆ ನಿಧಾನವಾಗಿ ತನ್ನ ಜಾಗ ಬಿಟ್ಟು ಬಲಗಡೆಗೆ ಸರಿಯತೊಡಗಿತು. ನಾವೆಲ್ಲ ಮಂತ್ರಮುಗ್ಧರಾಗಿ ನೋಡುತ್ತ ಕೂತೆವು. ‘ಅರೆ, ಥೇಟ್ ನಮ್ಮ ತಂಡದ ಮಿಡ್‌ಫೀಲ್ಡ್ ಹುಡುಗನ ಹಾಗೇ! ಹೀಗೇ ಅಲ್ವಾ ಭಾವ, ಅವನೂ ಜಾಗ ಬಿಟ್ಟು ಹೋಗೋದು?’ ಎಂದು ಭಾವಮೈದುನ ಚಪ್ಪಾಳೆ ತಟ್ಟುವಷ್ಟರಲ್ಲಿ ಫೋನು ಟೀಪಾಯಿಯ ಅಂಚು ದಾಟಿ ನೆಲಕ್ಕೆ ಬಿತ್ತು.

ಪರದೆ ಒಡೆದಿತ್ತು. ಆಮೇಲೆ ನಡೆದದ್ದು ಪಂದ್ಯೋತ್ತರ ವಿಶ್ಲೇಷಣೆ. ಮೇಷ್ಟ್ರು ಫೋನಿನದೇ ತಪ್ಪೆಂದರು, ನಿಲ್ಲು ಎಂದ ಕಡೆ ನಿಲ್ಲುವುದಿಲ್ಲ. ಆಡಿಟರು ಕವರ್ ಹಾಕಿಸಲು ದುಡ್ಡು ಬಿಚ್ಚದ ಮಾಲೀಕರನ್ನು, ಅಂದರೆ ಮೇಷ್ಟ್ರನ್ನೇ, ಹಿಡಿದುಕೊಂಡರು. ಮ್ಯಾನೇಜರ್ ಸಾಹೇಬರು, ನಿಲ್ಲಿಸಿದವರ ಉದ್ದೇಶ ಒಳ್ಳೆಯದೇ ಇತ್ತು, ಟೀಪಾಯಿ ನುಣುಪಾಗಿತ್ತು, ಪರಿಸ್ಥಿತಿ ಪ್ರತಿಕೂಲವಾಗಿತ್ತು ಎಂದು ಷರಾ ಬರೆದರು. ‘ನಿಲ್ಲಿಸಿದವರನ್ನ ತೆಗೆದುಹಾಕಿ’ ಎಂದ ನನ್ನ ಭಾವಮೈದುನ. ಫೋನು ಒಡೆದುಕೊಂಡೇ ಮತ್ತೆ ಗುರ್‌ಗುರ್ ಎಂದಿತು. ಯಾರೂ ಎತ್ತಲಿಲ್ಲ.

ನಮ್ಮ ವಾದಗಳಲ್ಲಿ ಇತಿಹಾಸಕ್ಕೂ ಬಿಡುವಿಲ್ಲ. ಆಡಿಟರ ಬತ್ತಳಿಕೆಯಲ್ಲಿ ಇರುವ ಬ್ರಹ್ಮಾಸ್ತ್ರ 2003ರ ರಿಯಲ್ ಮ್ಯಾಡ್ರಿಡ್. ಆ ಬೇಸಿಗೆಯಲ್ಲಿ ಕ್ಲಬ್ಬು ಡೇವಿಡ್ ಬೆಕ್‌ಹ್ಯಾಮ್‌ರನ್ನು ತಂದಿತು, ಸಂಬಳ ಹೆಚ್ಚಿಸಿ ಎಂದು ಕೇಳಿದ ಡಿಫೆನ್ಸಿವ್ ಮಿಡ್‌ಫೀಲ್ಡರ್ ಕ್ಲೋಡ್ ಮೆಕೆಲೆಲೆಯನ್ನು ಇಂಗ್ಲೆಂಡಿನ ಚೆಲ್ಸಿಗೆ ಮಾರಿತು. ಜಿದಾನ್, ಫಿಗೊ, ರೊನಾಲ್ಡೊ, ರಾಉಲ್, ಬೆಕ್‌ಹ್ಯಾಮ್: ಕಣ್ಣು ಕುಕ್ಕುವ ಪಟ್ಟಿ. ಚೆಂಡು ಕಳೆದುಕೊಂಡಾಗ ಹಿಂದಕ್ಕೆ ಓಡುವವನೇ ಇಲ್ಲ. ಮುಂದಿನ ಮೂರು ಋತುಗಳಲ್ಲಿ ಸ್ಪೇನಿನ ಲೀಗ್ ಲಾ ಲಿಗಾ ಅವರ ಕೈಗೆ ಬರಲಿಲ್ಲ. ಅತ್ತ ಮೆಕೆಲೆಲೆ ಇದ್ದ ಚೆಲ್ಸಿ 2004-05ರಲ್ಲಿ ಇಡೀ ಲೀಗಿನಲ್ಲಿ ಬಿಟ್ಟುಕೊಟ್ಟದ್ದು 15 ಗೋಲು, ಟ್ರೋಫಿ ಅವರದ್ದು. ಇಂಗ್ಲೆಂಡಿನಲ್ಲಿ ಆ ಸ್ಥಾನಕ್ಕೇ ಮೆಕೆಲೆಲೆಯ ಹೆಸರು ಬಿತ್ತು. ‘ಸಂಬಳ ಉಳಿಸಿದ ಲೆಕ್ಕ ಬರೆದವನು ಟ್ರೋಫಿ ಹೋದ ಲೆಕ್ಕ ಯಾವ ಕಾಲಮಿನಲ್ಲಿ ಬರೆದ?’ ಎನ್ನುವಾಗ ಆಡಿಟರ ಮುಖ ನೋಡಬೇಕು.

ಇದಕ್ಕೆ ಮ್ಯಾನೇಜರ್ ಸಾಹೇಬರ ಬಾಲಂಗೋಚಿ ಸಿದ್ಧವಿರುತ್ತದೆ. ಅದೇ ಬೇಸಿಗೆಯಲ್ಲಿ, ಲೀಗ್ ಗೆದ್ದುಕೊಟ್ಟ ಬೆನ್ನಿಗೇ, ರಿಯಲ್ ಮ್ಯಾಡ್ರಿಡ್ ತನ್ನ ಮ್ಯಾನೇಜರ್ ವಿಸೆಂಟೆ ಡೆಲ್ ಬೊಸ್ಕೆಯನ್ನೂ ಕೈಬಿಟ್ಟಿತ್ತು. ಏಳು ವರ್ಷದ ನಂತರ ಅದೇ ಮನುಷ್ಯ ಸ್ಪೇನ್ ತಂಡದ ಜತೆ ವಿಶ್ವಕಪ್‌ಗೆ ಹೋದರು. ಮೊದಲ ಪಂದ್ಯದಲ್ಲೇ ಸ್ವಿಟ್ಜರ್ಲೆಂಡ್ ಎದುರು 0-1 ಸೋಲು. ಬುಸ್ಕೆಟ್ಸ್, ಚಾಬಿ ಅಲೊನ್ಸೊ ಇಬ್ಬಿಬ್ಬರನ್ನೂ ಹಿಂದೆ ನಿಲ್ಲಿಸುವ ದರ್ದೇನಿತ್ತು ಎಂದು ಟೀಕೆ. ಡೆಲ್ ಬೊಸ್ಕೆ ಕೇಳಿಸಿಕೊಂಡರು, ಬದಲಿಸಲಿಲ್ಲ. ನಾಕೌಟಿನ ನಾಲ್ಕೂ ಪಂದ್ಯಗಳನ್ನು 1-0ಯಿಂದ ಗೆದ್ದು ಕಪ್ ತಂದರು. ‘ಹೇಳಿ ಈಗ, ತಪ್ಪು ಯಾರದ್ದು?’ ಎಂದು ಸಾಹೇಬರು ಎದೆಯುಬ್ಬಿಸುತ್ತಾರೆ. ಮುಂದುವರಿದು, ಮೇ 2012ರಲ್ಲಿ ಚೆಲ್ಸಿಗೆ ಮೊದಲ ಚಾಂಪಿಯನ್ಸ್ ಲೀಗ್ ಗೆದ್ದುಕೊಟ್ಟ ದಿ ಮತ್ತೆಯೊ ಅದೇ ನವೆಂಬರಿನಲ್ಲಿ ಮನೆಗೆ ಹೋದದ್ದನ್ನೂ, 2016ರಲ್ಲಿ ಲೆಸ್ಟರ್‌ಗೆ ಪ್ರೀಮಿಯರ್ ಲೀಗ್ ಗೆದ್ದುಕೊಟ್ಟ ರನಿಯೇರಿಗೆ ಒಂಬತ್ತೇ ತಿಂಗಳಲ್ಲಿ ಬಾಗಿಲು ತೋರಿಸಿದ್ದನ್ನೂ ಹೇಳಿ ಕರವಸ್ತ್ರ ಹುಡುಕುತ್ತಾರೆ. ಆಫೀಸಿನಲ್ಲಿ ಅವರ ವಾರ್ಷಿಕ ಮೌಲ್ಯಮಾಪನ ಹತ್ತಿರ ಬಂದಷ್ಟೂ ರನಿಯೇರಿಯ ಕಥೆ ಉದ್ದವಾಗುತ್ತದೆ.

‘ರನಿಯೇರಿ ಕಥೆ ಇರಲಿ ಸಾರ್. ಲೆಸ್ಟರ್‌ನಿಂದ ಕಾಂಟೆ ಚೆಲ್ಸಿಗೆ ಹೋದ. ಲೆಸ್ಟರ್ ಹನ್ನೆರಡನೇ ಸ್ಥಾನಕ್ಕೆ ಇಳೀತು, ಚೆಲ್ಸಿ ಲೀಗ್ ಗೆದ್ದಿತು. ಮಧ್ಯದಲ್ಲಿ ಒಬ್ಬ ಹುಡುಗ ಹೋದದ್ದಕ್ಕೆ ಇಷ್ಟು!’ ಎನ್ನುತ್ತಾನೆ ಭಾವಮೈದುನ. ಅವನ ಇನ್ನೊಂದು ಆಯುಧ 2021ರ ಚಾಂಪಿಯನ್ಸ್ ಲೀಗ್ ಫೈನಲ್. ಮ್ಯಾಂಚೆಸ್ಟರ್ ಸಿಟಿಯನ್ನು ಆಡಿಸುತ್ತಿದ್ದ ಗಾರ್ಡಿಯೋಲಾರಂಥ ಗಾರ್ಡಿಯೋಲಾ ಅಂದು ಡಿಫೆನ್ಸಿವ್ ಮಿಡ್‌ಫೀಲ್ಡರ್‌ಗಳಾದ ರೋಡ್ರಿ, ಫರ್ನಾಂಡಿನೊ ಇಬ್ಬರನ್ನೂ ಹೊರಗೆ ಕೂರಿಸಿ ಶುರುಮಾಡಿದರು. ಚೆಲ್ಸಿ 1-0ಯಿಂದ ಗೆದ್ದಿತು, ಪಂದ್ಯಶ್ರೇಷ್ಠ ಅದೇ ಕಾಂಟೆ. ಈ ಮಾತು ಬಂದಾಗ ಮಾತ್ರ ಮ್ಯಾನೇಜರ್ ಸಾಹೇಬರು ನೀರು ಕುಡಿಯಲು ಒಳಗೆ ಎದ್ದು ಹೋಗುತ್ತಾರೆ.

ಮೇಷ್ಟ್ರಿಗೆ ಇಂಗ್ಲೆಂಡ್ ತಂಡವೇ ಪಾಠ. ಜೆರಾರ್ಡ್, ಲ್ಯಾಂಪಾರ್ಡ್ ಇಬ್ಬರೂ ಮುಂದೆ ನುಗ್ಗುವವರು, ಇಬ್ಬರೂ ಮಹಾ ಪ್ರತಿಭಾವಂತರು. ಇಬ್ಬರಿಗೂ ಜಾಗ ಮಾಡಿಕೊಡಲು 2004ರ ಯುರೋ ಕಪ್ ಟೂರ್ನಿಯಲ್ಲಿ ಪಾಲ್ ಸ್ಕೋಲ್ಸ್‌ರನ್ನು ಎಡ ಅಂಚಿಗೆ ತಳ್ಳಿದರು. ಅದೇ ವರ್ಷ ಸ್ಕೋಲ್ಸ್ ದೇಶದ ತಂಡಕ್ಕೆ ನಮಸ್ಕಾರ ಹೇಳಿದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವುದು ಹಳೆಯ ಸಮಸ್ಯೆ, ಇಲ್ಲಿ ಎರಡೂ ಏರಿಗೇ ಎಳೆದವು. ‘ರ‍್ಯಾಂಕ್ ಬಂದ ಇಬ್ಬರನ್ನ ಒಂದೇ ಬೆಂಚಿನಲ್ಲಿ ಕೂರಿಸಿದ್ರೆ ಹೀಗೇ’ ಎಂದು ಮೇಷ್ಟ್ರು ಮುಗಿಸುತ್ತಾರೆ. ಕೂರಿಸಿದವರ ತಪ್ಪಲ್ಲವೇ ಎಂದು ಕೇಳಿದರೆ ಉತ್ತರವಿಲ್ಲ.

ಇಷ್ಟು ವಿದ್ವತ್ತು ಒಂದೇ ಕೋಣೆಯಲ್ಲಿ ಕೊಳೆಯುತ್ತಿರುವುದನ್ನು ನೋಡಲಾರದೆ, ಮೇಷ್ಟ್ರ ಶಾಲೆಯ ಮಕ್ಕಳು ನಮ್ಮನ್ನು ಪಂದ್ಯಕ್ಕೆ ಕರೆದರು. ಒಂದೊಂದು ಕಡೆ ಏಳೇಳು ಜನ. ಮ್ಯಾನೇಜರ್ ಯಾರೆಂಬ ಪ್ರಶ್ನೆಯೇ ಏಳಲಿಲ್ಲ, ನಮ್ಮಲ್ಲಿ ಅನುಭವವಿದ್ದವರು ಒಬ್ಬರೇ. ಸಾಹೇಬರು ಮೀಟಿಂಗ್ ಕರೆದು ಚಾರ್ಟು ಹಂಚಿದರು. ಅದರಲ್ಲಿ ಬಾಣದ ಗುರುತುಗಳು ಎಷ್ಟಿದ್ದವೆಂದರೆ ಆಟಗಾರರ ಹೆಸರಿಗೆ ಜಾಗ ಸಾಲದೆ ಹಿಂಬದಿಯಲ್ಲಿ ಬರೆದಿದ್ದರು.

ತಂಡದ ಆಯ್ಕೆ ಹೀಗಾಯಿತು. ಓಡಲು ವೈದ್ಯರು ಬೇಡವೆಂದಿದ್ದ ಆಡಿಟರು ಗೋಲ್‌ಕೀಪರ್. ನಾನು ಎಡಗೈಯಲ್ಲಿ ಬರೆಯುವವನು, ಆದ್ದರಿಂದ ಎಡಗಾಲಿನಲ್ಲಿ ಒದೆಯುವವನೂ ಇರಲೇಬೇಕೆಂಬ ತರ್ಕದ ಮೇಲೆ ಲೆಫ್ಟ್ ಬ್ಯಾಕ್. ತಂಡದ ಸಮತೋಲನ ಅಂದರೆ ಇದೇ ಎಂದರು ಸಾಹೇಬರು. ಉಳಿದ ಐವರಲ್ಲಿ ನಡುವೆ ನಿಲ್ಲುವವರು ಯಾರು? ಮೇಷ್ಟ್ರು ತಮ್ಮ ಆಟ ಸ್ವಭಾವತಃ ಮುಂಚೂಣಿಯದು ಎಂದರು. ಭಾವಮೈದುನನಿಗೆ ಬಲ ಅಂಚು ಬೇಕಿತ್ತು. ಅವನು ಕರೆತಂದಿದ್ದ ಮೂವರು ಗೆಳೆಯರೂ ‘ಫಾರ್ವರ್ಡ್’ ಎಂದರು, ಒಬ್ಬ ಇನ್ನೂ ಲೇಸು ಕಟ್ಟಿಕೊಳ್ಳುತ್ತಲೇ. ಮೆಕೆಲೆಲೆ, ಕಾಂಟೆ, ಬುಸ್ಕೆಟ್ಸ್ ಹೆಸರು ಹಿಡಿದು ಗಂಟಲು ಹರಿದುಕೊಂಡವರೆಲ್ಲ ಸೆಂಟರ್ ಲೈನ್ ದಾಟಿ ಸಾಲಾಗಿ ನಿಂತಿದ್ದರು. ನಮ್ಮ ನಡುಮೈದಾನದಲ್ಲಿ ನಿಂತಿದ್ದು ರೆಫರಿ ಒಬ್ಬನೇ. ಅವನು ಚೆನ್ನಾಗಿಯೇ ಆಡಿದ, ಒಂದು ಸಲ ಚೆಂಡು ಅವನ ಬೆನ್ನಿಗೆ ಬಡಿದು ಒಂದು ಗೋಲು ತಪ್ಪಿತು.

ಎದುರು ತಂಡದ ನಡುವೆ ಒಬ್ಬಳು ಸಣಕಲು ಹುಡುಗಿಯಿದ್ದಳು. ಮೊದಲಾರ್ಧದಲ್ಲಿ ಅವಳನ್ನು ನಮ್ಮಲ್ಲಿ ಯಾರೂ ಗಮನಿಸಲೇ ಇಲ್ಲ. ಗೋಲು ಹೊಡೆಯುತ್ತಿದ್ದವನು ಅವರ ಉದ್ದ ಕೂದಲಿನ ಹುಡುಗ, ನಾವೆಲ್ಲ ಅವನ ಹಿಂದೆ ಬಿದ್ದಿದ್ದೆವು. ವಿರಾಮದಲ್ಲಿ ಆಡಿಟರು ಏದುಸಿರು ಬಿಡುತ್ತ ಹೇಳಿದರು: ‘ಅವನಲ್ಲ ಕಣ್ರೀ. ನಮ್ಮ ಚೆಂಡು ಪ್ರತಿಸಲ ಹೋಗಿ ಸೇರೋದು ಆ ಹುಡುಗಿ ಕಾಲಿಗೆ. ಇಲ್ಲಿಂದ ನಂಗೆ ಬೇರೆ ಏನೂ ಕೆಲಸ ಇಲ್ಲ, ಅದನ್ನೇ ನೋಡ್ತಿದೀನಿ.’ ಗೋಲ್‌ಕೀಪರ್‌ಗೆ ಬೇರೆ ಕೆಲಸ ಇರಲಿಲ್ಲ ಎಂಬ ಮಾತನ್ನು ಸ್ಕೋರು ಒಪ್ಪುತ್ತಿರಲಿಲ್ಲ. ಮೇಷ್ಟ್ರು ಕಣ್ಣು ಕಿರಿದು ಮಾಡಿ ನೋಡಿ, ‘ನಮ್ಮ ಕ್ಲಾಸಿನವಳೇ ಇರಬೇಕು, ಮಧ್ಯದ ಬೆಂಚು. ಹೆಸರು... ಬಾಯಲ್ಲೇ ಇದೆ’ ಎಂದರು. ಬಾಯಿಂದ ಆಚೆಗೆ ಬರಲಿಲ್ಲ.

ಸ್ಕೋರು ಹೇಳಬೇಕಾಗಿಲ್ಲ. 2014ರಲ್ಲಿ ಜರ್ಮನಿ ಎದುರು 1-7 ಸೋತ ಬ್ರೆಜಿಲ್‌ಗೆ ಆ ಒಂದಾದರೂ ಸಿಕ್ಕಿತ್ತು.

ಪಂದ್ಯ ಮುಗಿದ ಮೇಲೆ ಜವಾಬ್ದಾರಿ ನಿಗದಿ ಸಭೆ ನಡೆಯಿತು. ಮಾಲೀಕರು ದುಡ್ಡು ಬಿಚ್ಚಲಿಲ್ಲ ಎನ್ನಲು ನಮಗೆ ಮಾಲೀಕರೇ ಇರಲಿಲ್ಲ. ಸಾಹೇಬರು ಒಂದು ಕ್ಷಣ ತಬ್ಬಿಬ್ಬಾದರು, ಆಮೇಲೆ ಮೈದಾನದ ಬಾಡಿಗೆ ಕಟ್ಟಿದವರು ಆಡಿಟರಾದ್ದರಿಂದ ಅವರೇ ಮಾಲೀಕರೆಂದು ಘೋಷಿಸಿದರು. ಭಾವಮೈದುನನ ಸೂಚನೆ, ನನ್ನ ಅನುಮೋದನೆಯಂತೆ ಮ್ಯಾನೇಜರನ್ನು ವಜಾ ಮಾಡಲಾಯಿತು. ‘ಒಪ್ಪಂದದ ಅವಧಿ ಇನ್ನೂ ಇದೆ, ಪರಿಹಾರ ಕೊಡಿ’ ಎಂದರು ಸಾಹೇಬರು. ಯಾವ ಒಪ್ಪಂದ ಎಂದು ಆಡಿಟರು ಕೇಳುವಷ್ಟರಲ್ಲಿ ಅವರು ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಕಾರು ಹತ್ತಿಯಾಗಿತ್ತು. ಚೆಂಡು ಅವರದೇ ಆಗಿತ್ತು, ಆದ್ದರಿಂದ ವಾದಿಸಲು ಬರಲಿಲ್ಲ.

ಉಳಿದವರು ಮುಂದಿನ ಪಂದ್ಯದ ಯೋಚನೆಗೆ ಕೂತೆವು. ಈ ಸಲ ಭಿನ್ನಮತವಿರಲಿಲ್ಲ: ಮೊದಲು ಮಿಡ್‌ಫೀಲ್ಡ್ ಸರಿಯಾಗಬೇಕು, ಆ ಹುಡುಗಿಯನ್ನು ಹೇಗಾದರೂ ಮಾಡಿ ನಮ್ಮ ಕಡೆ ತರಬೇಕು. ಮಾತುಕತೆಯ ಹೊಣೆ ಮೇಷ್ಟ್ರಿಗೆ ಬಿತ್ತು. ಅವರು ಹಾಜರಿ ಪುಸ್ತಕ ತಿರುವಿ ಹೆಸರು ಪತ್ತೆಹಚ್ಚಿ, ಮರುದಿನವೇ ಅವಳನ್ನು ಕರೆದು, ನಡುಮೈದಾನದ ಮಹತ್ವದ ಮೇಲೆ ಅರ್ಧ ಪೀರಿಯಡ್ ಪಾಠ ಮಾಡಿ, ನಮ್ಮ ತಂಡಕ್ಕೆ ಬರುತ್ತೀಯಾ ಎಂದು ಕೇಳಿದರಂತೆ.

ಅವಳು ಸ್ವಲ್ಪ ಯೋಚನೆ ಮಾಡಿ ಹೇಳಿದಳಂತೆ: ‘ಬರ್ತೀನಿ ಸರ್. ಆದ್ರೆ ಫಾರ್ವರ್ಡ್ ಆಡಿಸ್ತೀರ?’