ನಾಗನಿಗೆ ಇಂಟರ್‌ಲಾಕ್ ಯೋಗ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಚೆಗಿರುವ ನಮ್ಮೂರಿನ ನಾಗಬನಕ್ಕೆ ಅಂತೂ ಜೀರ್ಣೋದ್ಧಾರವಾಯಿತು. ಜೀರ್ಣವಾದದ್ದು ಬನ, ಉದ್ಧಾರವಾದದ್ದು ಜೆಸಿಬಿಯವ ಎಂದೆ. ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರು ಹದಿನೇಳನೇ ಸಾಲಿಗೆ ಇಳಿಯಿತು.

"ಬನದಲ್ಲಿ ಪೂರಾ ಕಾಡು ಬೆಳೆದಿದೆ ಮಾಷ್ಟ್ರೇ, ನೋಡ್ಲಿಕ್ಕೆ ಚಂದ ಇಲ್ಲ" ಎಂದಿದ್ದರು ಸಮಿತಿಯ ಅಧ್ಯಕ್ಷರು, ಮೊದಲ ಮೀಟಿಂಗಿನಲ್ಲೇ. ಹತ್ತು ಸೆಂಟ್ಸಿನ ಆ ಕಾಡಿನಲ್ಲಿ ರೆಂಜೆ, ಹಾಲೆ, ತೊಡೆಗಾತ್ರದ ಬಳ್ಳಿಗಳು, ಒಂದು ಮುದಿ ಕಾಸರಕ ಇದ್ದವು. ರಾತ್ರಿ ಬಾವಲಿ, ಪುನುಗುಬೆಕ್ಕು ಬಂದು ಹಣ್ಣು ತಿಂದು ಬೀಜವನ್ನು ಎಲ್ಲೆಲ್ಲೋ ಉದುರಿಸಿ ಹೋಗುತ್ತಿದ್ದವು. ಮಳೆಕಾಡಿನ ಸೀಮೆಯಲ್ಲಿ ಹೆಚ್ಚಿನ ಮರಗಳ ಸಂಸಾರ ಸಾಗುವುದೇ ಹೀಗೆ. ಹಕ್ಕಿ, ಬಾವಲಿ ಹೋದರೆ ಮರ ಹಸಿರಾಗಿ ನಿಂತಿದ್ದರೂ ಅದರ ವಂಶ ಅಲ್ಲಿಗೇ ಮುಗಿಯಿತು. ಇದನ್ನು ಮೀಟಿಂಗಿನಲ್ಲಿ ಹೇಳಿದೆ. "ಬಾವಲಿ ಅಂದ್ರೆ ನಿಪಾ ಅಲ್ವೋ?" ಎಂದರು ಖಜಾಂಚಿ. ಕಾಡು ಕಡಿಯುವ ನಿರ್ಣಯ ಸರ್ವಾನುಮತದಿಂದ ಪಾಸಾಯಿತು.

ಕಾಸರಕದ ಕತೆಯೇ ಬೇರೆ. ಕಾಸರಗೋಡಿಗೆ ಹೆಸರು ಬಂದದ್ದೇ ಆ ಮರದಿಂದ ಎಂಬ ಮಾತುಂಟು. ಜಿಲ್ಲಾ ಪಂಚಾಯತ್ ಅದನ್ನು ಜಿಲ್ಲೆಯ ಅಧಿಕೃತ ಮರವೆಂದು ಘೋಷಿಸಿದೆ. ಜತೆಗೆ ಬಿಳಿಹೊಟ್ಟೆಯ ಕಡಲಹದ್ದು ಅಧಿಕೃತ ಹಕ್ಕಿ, ಚಂದ್ರಗಿರಿ ಹೊಳೆಯ ಮೆದುಚಿಪ್ಪಿನ ದೈತ್ಯ ಆಮೆ ಅಧಿಕೃತ ಜೀವಿ. ಒಂದು ಮೀಟರಿಗೂ ಹತ್ತಿರ ಬೆಳೆಯುವ ಈ ಆಮೆ, ಪಾಪ, ಬಾಳಿನ ಬಹುಪಾಲು ಹೊಯ್ಗೆಯಲ್ಲಿ, ಅಂದರೆ ಮರಳಿನಲ್ಲಿ, ಹುದುಗಿಕೊಂಡೇ ಕಳೆಯುತ್ತದೆ. ಮೊಟ್ಟೆಯಿಡುವುದೂ ಹೊಳೆಬದಿಯ ಹೊಯ್ಗೆಯಲ್ಲೇ. ಹೊಯ್ಗೆಯೋ, ರಾತ್ರೋರಾತ್ರಿ ಟಿಪ್ಪರ್ ಹತ್ತುತ್ತದೆ. ಉಳಿದಲ್ಲಿ ಅಣೆಕಟ್ಟಿನ ನೀರೇರಿ ಮೊಟ್ಟೆ ಮುಳುಗುತ್ತದೆ. ಹುದ್ದೆ ಸಿಕ್ಕಿದೆ, ಕ್ವಾರ್ಟರ್ಸ್ ಇಲ್ಲ.

ನಮ್ಮ ಕಾಸರಕಕ್ಕೂ ಇಂಥದೊಂದು ಹುದ್ದೆ ಇರುವುದು ಸಮಿತಿಗೆ ಗೊತ್ತಿರಲಿಲ್ಲ. ಅದರ ಹಣ್ಣಿನ ತಿರುಳಿಗೆ ಮಂಗಟ್ಟೆ ಹಕ್ಕಿ ಬರುತ್ತಿತ್ತು ಎಂದರೆ ಯಾರಿಗೂ ನೆನಪಿಲ್ಲ. ಎಲೆ ಉದುರಿ, ನೆಲಕ್ಕೆ ಹಾಸುವ ಸಿಮೆಂಟಿನ ಇಂಟರ್‌ಲಾಕ್ ಗಲೀಜಾಗುತ್ತದೆಂದು ಕಡಿದರು.

ಪ್ರತಿಷ್ಠೆಯ ದಿನ ಮಧ್ಯಾಹ್ನ ಆ ಇಂಟರ್‌ಲಾಕ್ ಕಾದು ಕಾವಲಿಯಾಗಿತ್ತು. ಬರಿಗಾಲಲ್ಲಿ ಪ್ರದಕ್ಷಿಣೆ ಬರಬೇಕಷ್ಟೆ? ಭಕ್ತಾದಿಗಳೆಲ್ಲ ಒಂದೊಂದೇ ಕಾಲೆತ್ತಿ ಕುಣಿದರು. ದೂರದಿಂದ ನೋಡಿದವರಿಗೆ ಸಾಮೂಹಿಕವಾಗಿ ಮೈಮೇಲೆ ದರ್ಶನ ಬಂದಂತೆ ಕಂಡಿರಬೇಕು. ಮೈಕಿನಲ್ಲಿ ಪ್ರಕಟಣೆ ಬಂತು: ನೆರಳಿಗಾಗಿ ಶೀಟಿನ ಮಾಡು ಹಾಕಿಸುವ ಯೋಜನೆಯಿದೆ, ಎಸ್ಟಿಮೇಟ್ ಆಗಿದೆ, ದಾನಿಗಳು ಮುಂದೆ ಬರಬೇಕು.

ಸಂಜೆ ಊಟದ ಪಂಕ್ತಿ ಏಳುವ ಹೊತ್ತಿಗೆ ಅಲ್ಲಿನ ಹಳೆಯ ಒಕ್ಕಲು ಬಂತು. ನಾಗರಹಾವು, ಗೋಧಿ ಬಣ್ಣ, ಒಂದು ಮಾರು ಉದ್ದ. ಗ್ರಾನೈಟ್ ಕಟ್ಟೆಗೆ ಮೂರು ಸುತ್ತು ಬಂದು ತನ್ನ ಬಿಲ ಹುಡುಕಿತು. ಬಿಲವಿದ್ದಲ್ಲಿ ಈಗ ದಾನಿಗಳ ಹೆಸರಿನ ಫಲಕ. "ಏನು ಭಕ್ತಿ ನೋಡಿ!" ಎಂದು ಯಾರೋ ವೀಡಿಯೊ ಮಾಡಿದರು. ಅದು ಚಪ್ಪಲಿ ಇಟ್ಟ ಕಡೆಗೆ ತಿರುಗಿದ್ದೇ ಅರಣ್ಯ ಇಲಾಖೆಯ ಆಪ್ ತೆರೆದರು. ಆಪಿನ ಹೆಸರು 'ಸರ್ಪ'.

ಹಿಡಿಯುವವ ಬಂದ. ಪೈಪಿನ ಬಾಯಿಗೆ ಚೀಲ ಕಟ್ಟಿ ಐದೇ ನಿಮಿಷದಲ್ಲಿ ಒಳಗೆ ಕಳಿಸಿದ. ಚೀಲ ಹಿಡಿದು ನನ್ನ ಹತ್ತಿರ ಬಂದು ಕೇಳಿದ: "ಇದನ್ನು ಬಿಡ್ಲಿಕ್ಕೆ ಇಲ್ಲೇ ಹತ್ತಿರ ಎಲ್ಲಾದರೂ ಒಂದು ಬನ ಉಂಟಾ ಮಾಷ್ಟ್ರೇ?"

"ಆಚೆ ಊರಿನಲ್ಲಿ ಒಂದುಂಟು" ಎಂದರು ಪಕ್ಕದಲ್ಲಿದ್ದ ಅಧ್ಯಕ್ಷರು. "ಬೇಗ ಹೋಗಿ. ಅವರದ್ದು ಜೀರ್ಣೋದ್ಧಾರ, ಬ್ರಹ್ಮಕಲಶ ಫೆಬ್ರವರಿಯಲ್ಲಿ."