ಎಂಟು ಹೆಬ್ಬೆರಳು, ಒಂದು ಬೆಟ್ಟ

ದೂರದ ಬೆಟ್ಟ ನುಣ್ಣಗೆ ಅನ್ನುತ್ತದೆ ಗಾದೆ. ಹಿಮ ಬಿದ್ದ ಬೆಟ್ಟ ಹತ್ತಿರ ಹೋದರೂ ನುಣ್ಣಗೇ ಇರುತ್ತದೆ. ಕಲ್ಲು, ಕೊರಕಲು, ಹೆಪ್ಪುಗಟ್ಟಿದ ತೊರೆ ಎಲ್ಲವೂ ಒಂದೇ ಬಿಳಿ ಹೊದಿಕೆಯಡಿ. ಹೀಗೆ ಮುಖ ಮುಚ್ಚಿಕೊಂಡು ಮಲಗಿರುವ ಬೆಟ್ಟವನ್ನು ಯಾವ ಕಡೆಯಿಂದ ಹತ್ತಬೇಕು, ಎಷ್ಟು ಹೊತ್ತಿಗೆ ತಿರುಗಬೇಕು ಎಂದು ತೀರ್ಮಾನಿಸಲು ಗೆಳೆಯರ ಬಳಗಗಳು ಕಂಡುಕೊಂಡಿರುವ ಉಪಾಯ ವಾಟ್ಸಾಪ್ ಪೋಲ್.

ಎಂಟು ಜನ, ಎಂಟು ಹೆಬ್ಬೆರಳು, ಎಂಟೂ ಮೇಲಕ್ಕೆ. ಠರಾವು ಪಾಸು. ನಡುವೆ ಒಬ್ಬ ‘ಮೇಲೆ ಗಾಳಿ ಜೋರಂತೆ’ ಎಂದು ಹವಾಮಾನ ವರದಿ ಹಾಕಿದ್ದ. ‘ನೆಗೆಟಿವ್ ಆಗ್ಬೇಡ ಗುರು’ ಎಂಬ ಉತ್ತರ ಬಂದ ಮೇಲೆ ಅವನೂ ಹೆಬ್ಬೆರಳು ಎತ್ತಿದ. ಎಲ್ಲರ ಫೋನಿನಲ್ಲೂ 0 ಡಿಗ್ರಿ ಕಾಣುತ್ತಿದೆಯಲ್ಲ, ಅಷ್ಟೇನು ಚಳಿ? ಆ 0 ಡಿಗ್ರಿ ತಪ್ಪಲಿನ ಊರಿನದು. 1000 ಮೀಟರ್ ಏರಿದರೆ ಸುಮಾರು 6.5 ಡಿಗ್ರಿ ಇಳಿಯುತ್ತದೆ; 1500 ಮೀಟರ್ ಮೇಲಿನ ಶಿಖರದಲ್ಲಿ ಮೈನಸ್ 10ರ ಆಸುಪಾಸು. ಅದರ ಮೇಲೆ ಗಂಟೆಗೆ 40 ಕಿ.ಮೀ. ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಮೈನಸ್ 21ರ ಚಳಿ. ಈ ಗುಣಾಕಾರಕ್ಕೆ ಪೋಲ್‌ನಲ್ಲಿ ಆಯ್ಕೆ ಇರಲಿಲ್ಲ.

ಇನ್ನು ಸಾಮಾನು. ಫೋಟೋಕ್ಕೆ ಚೆನ್ನಾಗಿ ಕಾಣುತ್ತದೆಂದು ಹತ್ತಿಯ ಜೀನ್ಸ್. ಒದ್ದೆಯಾದರೆ ಒಣಗುವ ಜಾಯಮಾನವೇ ಅದಕ್ಕಿಲ್ಲ; ಮೊಣಕಾಲುದ್ದ ಹಿಮದಲ್ಲಿ ಒಂದು ಗಂಟೆ ನಡೆದರೆ ಸಾಕು, ಕೆಳಭಾಗ ತಗಡಿನ ಕೊಳವೆಯಾಗುತ್ತದೆ. ಕಾಲಿಗೆ ಮೂರು ಜೊತೆ ಸಾಕ್ಸ್. ಬೂಟಿನೊಳಗೆ ಬೆರಳು ಅಲ್ಲಾಡಲು ಜಾಗವಿಲ್ಲದಿದ್ದರೆ ರಕ್ತ ಓಡುವುದಿಲ್ಲ, ರಕ್ತ ಓಡದಿದ್ದರೆ ಮೂವತ್ತು ಜೊತೆ ಹಾಕಿದರೂ ಕಾಲು ತಣ್ಣಗೇ. ಬೂಟಿನ ಕೆಳಗೆ ಒಂದು ಸೆಂಟಿಮೀಟರ್ ಹಲ್ಲಿನ ಚೈನ್ ಸ್ಪೈಕ್. ತುಳಿದು ಗಟ್ಟಿಯಾದ, ಸಾಧಾರಣ ಏರಿನ ದಾರಿಗೆ ಅದು ಒಳ್ಳೆಯ ವಸ್ತುವೇ. ಕಡಿದಾದ ಗಟ್ಟಿ ಹಿಮಕ್ಕೆ ಬೇಕಾದದ್ದು ಬಿರುಸು ಅಟ್ಟೆಯ ಬೂಟು, ಅದಕ್ಕೆ ಬಿಗಿದ ಕ್ರ್ಯಾಂಪಾನ್ ಎಂಬ 10 ಅಥವಾ 12 ಮೊನೆಯ ಲೋಹದ ಚೌಕಟ್ಟು, ಕೈಯಲ್ಲಿ ಐಸ್ ಆಕ್ಸ್ ಎಂಬ ಹಿಮದ ಕೊಡಲಿ.

ಐಸ್ ಆಕ್ಸ್ ಇಲ್ಲವೆಂದಲ್ಲ, ಇದೆ. ಬ್ಯಾಗಿನ ಹಿಂದೆ, ಮದುಮಗನ ಸೊಂಟದ ಕತ್ತಿಯ ಹಾಗೆ ನೇತಾಡುತ್ತಿದೆ. ಜಾರಿದ ಮನುಷ್ಯ ಗಟ್ಟಿ ಹಿಮದಲ್ಲಿ ವೇಗ ಹಿಡಿಯಲು ಎರಡು ಮೂರು ಸೆಕೆಂಡು ಸಾಕು. ಅಷ್ಟರೊಳಗೆ ಹೊಟ್ಟೆಯ ಮೇಲೆ ಮಗುಚಿ, ಕೊಡಲಿಯ ಮೊನೆಯನ್ನು ಭುಜದ ಪಕ್ಕ ಹಿಮಕ್ಕೆ ಊರಿ, ಮೈಭಾರವನ್ನೆಲ್ಲ ಅದರ ಮೇಲೆ ಹಾಕಬೇಕು. ಬ್ಯಾಗಿನ ಬಕಲ್ ಬಿಚ್ಚಿ ಆಯುಧ ತೆಗೆಯುವಷ್ಟು ಹೊತ್ತು ಕಾಯುವ ಸೌಜನ್ಯ ಇಳಿಜಾರಿಗಿಲ್ಲ. ಇಳಿಯುವಾಗ ಕ್ರ್ಯಾಂಪಾನ್ ಬಿಚ್ಚದೆ ಕುಂಡಿಯ ಮೇಲೆ ಜಾರುವ ರೀಲ್ ಕೂಡ ಕಾರ್ಯಕ್ರಮದಲ್ಲಿದೆ. ಒಂದು ಮೊನೆ ಹಿಮಕ್ಕೆ ಕಚ್ಚಿದರೆ ಪಾದ ಅಲ್ಲೇ ನಿಲ್ಲುತ್ತದೆ, ಉಳಿದ ದೇಹ ಪ್ರಯಾಣ ಮುಂದುವರಿಸುತ್ತದೆ. ನಡುವಿನ ಹರಡು ಏನಾಗುತ್ತದೆಂಬುದು ರೀಲ್‌ನ ಎರಡನೇ ಭಾಗ.

ಎಲ್ಲಕ್ಕಿಂತ ರಸವತ್ತಾದ ಭಾಗ ಹಿಮಕುಸಿತದ ಸಿದ್ಧತೆ. ನಿಯಮ ಸರಳ: ತಲೆಗೊಂದು ಟ್ರಾನ್ಸೀವರ್ (ಹೂತವರಿಂದ ರೇಡಿಯೋ ಸದ್ದು ಕಳಿಸುವ, ಹುಡುಕುವವರಿಗೆ ಅದನ್ನು ಕೇಳಿಸುವ ಯಂತ್ರ), ತಲೆಗೊಂದು ಹಿಮಕ್ಕೆ ಚುಚ್ಚಿ ಹುಡುಕುವ, 240 ಸೆಂಟಿಮೀಟರಿಗೆ ಕಡಿಮೆಯಿಲ್ಲದ ಪ್ರೋಬ್ ಕೋಲು, ತಲೆಗೊಂದು ಲೋಹದ ಸಲಿಕೆ. ಗೆಳೆತನದಲ್ಲಿ ತಲೆಗೊಂದು ಎಂಬ ಲೆಕ್ಕವೇ? ಗುಂಪಿಗೊಂದು ಸಾಕು. 457 ಕಿಲೋಹರ್ಟ್ಸ್‌ನಲ್ಲಿ ಮಿಡಿಯುವ ಆ ಒಂದೇ ಟ್ರಾನ್ಸೀವರ್ ಲೀಡರ್‌ನ ಎದೆಯ ಮೇಲಿದೆ. ಲೀಡರ್ ಹೂತುಹೋದರೆ ಅವನ ಸದ್ದು ಕೇಳಲು ಮೇಲೆ ಯಾರ ಬಳಿಯೂ ಯಂತ್ರವಿಲ್ಲ. ಉಳಿದವರು ಹೂತುಹೋದರೆ ಯಂತ್ರವಿರುವ ಲೀಡರ್‌ಗೆ ಕೇಳಲು ಸದ್ದೇ ಇಲ್ಲ. ಸಲಿಕೆ ಕಾರಿನ ಡಿಕ್ಕಿಯಲ್ಲಿ ಭದ್ರವಾಗಿದೆ. ಹೂತವರನ್ನು ಮೊದಲ ಹತ್ತು ಹದಿನೈದು ನಿಮಿಷದಲ್ಲಿ ಹೊರತೆಗೆದರೆ ಬದುಕುವ ಸಂಭವ ಚೆನ್ನಾಗಿದೆ, ಆಮೇಲೆ ಕಡಿದಾಗಿ ಕುಸಿಯುತ್ತದೆ. ಕುಸಿದು ನಿಂತ ಹಿಮವೂ ಬೀಳುವ ಮೊದಲಿದ್ದ ಹಿಂಜಿದ ಅರಳೆಯಲ್ಲ. ನಿಂತ ಮರುಕ್ಷಣ ಗಾರೆಯಂತೆ ಬಿಗಿಯುತ್ತದೆ. ಅದನ್ನು ಕೈಗವಸಿನಿಂದ ತೋಡಬೇಕು.

ಹಿಮಕುಸಿತದ ಅಪಾಯವನ್ನು 1ರಿಂದ 5ರವರೆಗೆ ಅಂಕ ಕೊಟ್ಟು ಪ್ರಕಟಿಸುತ್ತಾರೆ. ಆ ದಿನ 3. ಗುಂಪಿನ ವ್ಯಾಖ್ಯಾನ: ಐದಕ್ಕೆ ಮೂರು, ಅಂದರೆ ಅರವತ್ತು ಪರ್ಸೆಂಟ್, ಅಂದರೆ ಫಸ್ಟ್ ಕ್ಲಾಸ್! ಪರೀಕ್ಷೆ ಬರೆದವರು ತಾವಲ್ಲ, ಬೆಟ್ಟ ಎಂಬುದು ಯಾರಿಗೂ ಹೊಳೆಯಲಿಲ್ಲ. ಈ ಅಂಕಗಳು ಮೆಟ್ಟಿಲಿನಂತೆ ಸಮನಾಗಿ ಏರುವುದಿಲ್ಲ, ಒಂದಕ್ಕಿಂತ ಮುಂದಿನದು ದುಪ್ಪಟ್ಟಿನ ಲೆಕ್ಕದಲ್ಲಿ ಜಿಗಿಯುತ್ತದೆ. ಸಾವುಗಳ ದೊಡ್ಡ ಪಾಲು ಈ ಮೂರರ ದಿನಗಳಲ್ಲೇ ಆಗುತ್ತದೆ. 5ರ ದಿನ ಎಲ್ಲರೂ ಹೊದ್ದು ಮಲಗಿರುತ್ತಾರೆ. 3ರ ದಿನ ಬಿಸಿಲೂ ಇರುತ್ತದೆ, ರಜೆಯೂ ಇರುತ್ತದೆ.

ನುಣ್ಣಗೆ, ಮರವಿಲ್ಲದೆ, 30ರಿಂದ 45 ಡಿಗ್ರಿ ವಾಲಿರುವ ಇಳಿಜಾರೇ ಹಿಮ ಕುಸಿದು ಬೀಳುವುದಕ್ಕೂ ಲಾಯಕ್ಕು, ಫೋಟೋಕ್ಕೂ ಲಾಯಕ್ಕು. ಕಾಲಿಟ್ಟೊಡನೆ ಒಳಗಿನಿಂದ ‘ಧುಮ್’ ಎಂಬ ಸದ್ದು ಬಂದರೆ ಮೇಲಿನ ಗಟ್ಟಿ ಪದರದ ಕೆಳಗೆ ಮೆತ್ತನೆಯ ಪದರ ಕುಸಿದಿದೆ ಎಂದರ್ಥ. ಹಿಂದಿರುಗಿ ಎಂದು ಬೆಟ್ಟ ಇಷ್ಟು ಸ್ಪಷ್ಟವಾಗಿ ಹೇಳುವುದು ಅಪರೂಪ. ಗುಂಪಿನಲ್ಲಿ ಅದಕ್ಕೆ ಬಂದ ಪ್ರತಿಕ್ರಿಯೆ: ‘ವಾವ್, ಇನ್ನೊಂದ್ಸಲ ಕುಣಿ, ರೆಕಾರ್ಡ್ ಮಾಡ್ತೀನಿ.’ ಅಂಥ ಇಳಿಜಾರನ್ನು ದಾಟಲೇಬೇಕಾದರೆ ಒಬ್ಬೊಬ್ಬರಾಗಿ ದಾಟಬೇಕು, ಉಳಿದವರು ಸುರಕ್ಷಿತ ಜಾಗದಲ್ಲಿ ನಿಂತು ಅವನ ಮೇಲೆ ಕಣ್ಣಿಡಬೇಕು. ಎಂಟು ಜನ ಹೆಗಲ ಮೇಲೆ ಕೈ ಹಾಕಿಕೊಂಡು ದಾಟಿದರೆ ಭಾರವೂ ಒಟ್ಟಿಗೆ, ಹುಡುಕಲು ಯಾರೂ ಹೊರಗುಳಿಯದ ಅನುಕೂಲವೂ ಒಟ್ಟಿಗೆ. ‘ಆಗಲೇ ಯಾರೋ ಹೋಗಿದ್ದಾರಲ್ಲ, ಹೆಜ್ಜೆ ಇದೆ’ ಎಂಬ ಸಮಾಧಾನ ಬೇರೆ. ಹೆಜ್ಜೆ ಹೋದದ್ದನ್ನು ತೋರಿಸುತ್ತದೆ. ಬಂದದ್ದನ್ನು ನೋಡಿದವರಾರು?

ಈ ಮನಸ್ಸಿನ ಆಟವನ್ನು ಇಯಾನ್ ಮೆಕ್ಯಾಮನ್ ಎಂಬ ಸಂಶೋಧಕ ಅಮೆರಿಕದ 715 ಹಿಮಕುಸಿತ ಅಪಘಾತಗಳನ್ನು ಮುಂದಿಟ್ಟುಕೊಂಡು ತೂಗಿ ನೋಡಿ 2004ರಲ್ಲಿ ಪ್ರಕಟಿಸಿದ. ಪರಿಚಿತ ಜಾಗ, ಮೆಚ್ಚಿಸುವ ಆಸೆ, ಹೊರಟದ್ದನ್ನು ಮುಗಿಸುವ ಹಟ, ಲೀಡರ್‌ಗೆ ಎಲ್ಲ ಗೊತ್ತೆಂಬ ನಂಬಿಕೆ: ಅಪಾಯದ ಗುರುತುಗಳು ಕಣ್ಣೆದುರಿದ್ದರೂ ಜನ ಮುಂದೆ ಹೋಗುವುದು ಇಂಥವುಗಳಿಂದ. ನಮ್ಮ ಬಳಗದಲ್ಲಿ ನಾಲ್ಕೂ ಇವೆ. ಲೀಡರ್‌ನ ಅರ್ಹತೆಯೇನೆಂದರೆ ಗ್ರೂಪ್ ಮಾಡಿದವನು ಅವನೇ, ಅಡ್ಮಿನ್.

ಗಂಟೆಗೆ 5 ಕಿ.ಮೀ., ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಬೆಟ್ಟದ ನಡಿಗೆಗೆ ಎಷ್ಟು ಹೊತ್ತು ಬೇಕೆಂದು ಅಳೆಯಲು 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ ಕೊಟ್ಟ ಸೂತ್ರ ಇದು, ಅದೂ ಒಳ್ಳೆಯ ದಾರಿಗೆ. ತುಳಿಯದ ಹಿಮದಲ್ಲಿ ಆ ಹೊತ್ತನ್ನು ದುಪ್ಪಟ್ಟು ಮಾಡಿಕೊಂಡರೂ ಸಾಲದು. ಬಳಗ ಗ್ರೂಪ್ ಫೋಟೋ ಮುಗಿಸಿ ಹೊರಟದ್ದೇ ಹತ್ತಕ್ಕೆ. ಮುಂದೆ ದಾರಿ ತುಳಿಯುವವರು ಹತ್ತು ಹದಿನೈದು ನಿಮಿಷಕ್ಕೊಮ್ಮೆ ಬದಲಾಗಬೇಕು. ಇಲ್ಲಿ ವೀರನೊಬ್ಬನೇ ಮುಂದೆ. ಬೆವರಿ ಒಳಂಗಿಯೆಲ್ಲ ತೊಪ್ಪೆ, ನಿಂತ ಐದೇ ನಿಮಿಷಕ್ಕೆ ಗಡಗಡ. ಕೊನೆಯವನ ಪಾಡು ಇನ್ನೂ ಚೆಂದ. ಅವನು ಏದುಸಿರು ಬಿಡುತ್ತ ತಲುಪುವ ಹೊತ್ತಿಗೆ ಏಳು ಜನರ ವಿಶ್ರಾಂತಿ ಮುಗಿದಿರುತ್ತದೆ. ‘ಬಂದ್ಯಾ? ನಡಿ ಹೋಗೋಣ.’ ಎಲ್ಲರಿಗಿಂತ ಹೆಚ್ಚು ದಣಿದವನಿಗೆ ಇಡೀ ದಿನದ ವಿಶ್ರಾಂತಿ ಸೊನ್ನೆ.

ಬ್ಯಾಗಿನೊಳಗಿನ ನೀರಿನ ಚೀಲದಿಂದ ಬಾಯಿಗೆ ಬರುವ ಕೊಳವೆಯಲ್ಲೇ ನೀರು ಹೆಪ್ಪುಗಟ್ಟಿದೆ. ಹೀರಿದ ಮೇಲೆ ಕೊಳವೆಗೆ ಊದಿ ನೀರನ್ನು ಹಿಂದಕ್ಕೆ ತಳ್ಳಬೇಕಿತ್ತು, ಅಥವಾ ಅಗಲ ಬಾಯಿಯ ಬಾಟಲಿಯನ್ನು ತಲೆಕೆಳಗಾಗಿ ಇಡಬೇಕಿತ್ತು, ಏಕೆಂದರೆ ಮಂಜುಗಡ್ಡೆ ಕಟ್ಟುವುದು ಮೇಲುಗಡೆಯಿಂದ. ಒಲೆಯ ಡಬ್ಬಿಯಲ್ಲಿರುವುದು ಬರೀ ಬ್ಯೂಟೇನ್. ಅದು ಕುದಿಯುವುದೇ ಮೈನಸ್ 0.5 ಡಿಗ್ರಿಯಲ್ಲಿ, ಅದಕ್ಕಿಂತ ಚಳಿಯಾದರೆ ದ್ರವವಾಗಿಯೇ ತೆಪ್ಪಗೆ ಕೂರುತ್ತದೆ.

ಮಧ್ಯಾಹ್ನ ಮೂರು. ಮೋಡ ಇಳಿದು ನೆಲ ಯಾವುದು, ಆಕಾಶ ಯಾವುದು ತಿಳಿಯದ ಬಿಳುಪು. ಒಂದು ಗಂಟೆಗೆ ಎಲ್ಲಿದ್ದರೂ ತಿರುಗಬೇಕೆಂಬ ಮಾತನ್ನು ಬೆಳಗ್ಗೆಯೇ ಆಡಿ ಮುಗಿಸಬೇಕಿತ್ತು, ಆಡಿರಲಿಲ್ಲ. ಈಗ ಎಂಟೂ ಜನರಿಗೆ ವಾಪಸ್ ಹೋಗುವ ಮನಸ್ಸು. ಆದರೆ ಮೊದಲು ಬಾಯಿಬಿಟ್ಟವನೇ ಪುಕ್ಕಲ ಎಂಬ ಭಯದಲ್ಲಿ ಎಂಟೂ ಬಾಯಿ ಬಂದ್. ಕೊನೆಗೆ ಅಡ್ಮಿನ್ ಕೈಗವಸು ಬಿಚ್ಚಿ, ಹೊರಜೇಬಿನಲ್ಲಿ ತಣ್ಣಗಾಗಿದ್ದ ಫೋನ್ ತೆಗೆದು ಪೋಲ್ ಮಾಡುತ್ತಾನೆ: ಮೇಲಕ್ಕೋ, ವಾಪಸ್ಸೋ? ಸಿಗ್ನಲ್ ಇಲ್ಲ, ಒಂಟಿ ಟಿಕ್ಕೂ ಬೀಳುವುದಿಲ್ಲ. ತನ್ನ ಮತವನ್ನಾದರೂ ಹಾಕೋಣವೆಂದರೆ ಹೆಬ್ಬೆರಳು ಮೇಣದಂತೆ ಬೆಳ್ಳಗಾಗಿದೆ, ಒತ್ತಿದ್ದು ಅದಕ್ಕೇ ಗೊತ್ತಾಗುತ್ತಿಲ್ಲ. ಅಷ್ಟರಲ್ಲಿ ಪರದೆಯ ಮೇಲೆ ಕರಗಿದ ಹಿಮದ ಹನಿಯೊಂದು ಜಾರುತ್ತ ಬಂದು ‘ಮೇಲಕ್ಕೆ’ ಎಂಬುದನ್ನು ಒತ್ತುತ್ತದೆ. ಬ್ಯಾಟರಿ 34 ಪರ್ಸೆಂಟ್ ಎನ್ನುತ್ತಿದ್ದ ಫೋನ್ ಅಲ್ಲಿಗೆ ಕಪ್ಪಗಾಗುತ್ತದೆ.